ಕೈ ಹೇಗೋ ಆಟ ಹಾಗೆ

ನಮ್ಮ ತಿಪಟೂರು ಸೀಮೆಯವರ ಕೈಗೆ ಹೊಸದೇನು ಕೊಟ್ಟರೂ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಇದು ಕೊಬ್ಬರಿಯಿಂದ ಬಂದ ಚಾಳಿ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿದ್ದಿದ್ದ ಕಾಯಿ ಒಳಗೊಳಗೇ ಒಣಗಿ, ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆಗ ಕೊಬ್ಬರಿ ಆಯಿತು ಎಂದು ಲೆಕ್ಕ. ಒಡೆದು ನೋಡುವ ಹಾಗಿಲ್ಲವಲ್ಲ, ಅದಕ್ಕೆ ಕಿವಿಯೇ ಗತಿ. ನಮ್ಮಜ್ಜಿ ಹೊಸ ಟಾರ್ಚನ್ನೂ ಹಾಗೇ ಅಲ್ಲಾಡಿಸಿ ನೋಡಿ ಒಳಗಿಟ್ಟವಳು. ಮದುವೆಗೆ ಉಡುಗೊರೆ ಬಂದ ಗೋಡೆ ಗಡಿಯಾರವನ್ನೂ ಬಿಟ್ಟಿರಲಿಲ್ಲ.

ಈ ಚಾಳಿಯನ್ನು ನೋಡಿ ನಗದೆ, ಅದನ್ನೇ ಹಿಡಿದು ವ್ಯಾಪಾರ ಮಾಡಿದ ಒಬ್ಬರೇ ಒಬ್ಬರನ್ನು ನಾನು ಬಲ್ಲೆ. ಅವರು ತೀರಿಕೊಂಡು ಎರಡು ತಿಂಗಳಾಯಿತು.

ಊರಿನವರಿಗೆಲ್ಲ ಅವರು ರೇಡಿಯೋ ಸಾಹೇಬರು. ಹೆಸರು ಬೇರೆ ಇತ್ತು, ಅವರ ಅಂಗಡಿಯ ಬೋರ್ಡಿನ ಮೇಲೆ ನಾನೇ ಅದನ್ನು ನಾಲ್ಕು ಸಲ ಬರೆದಿದ್ದೇನೆ. ಆದರೂ ಒಂದು ದಿನವೂ ಬಾಯಲ್ಲಿ ಕರೆದದ್ದಿಲ್ಲ. ಇಲ್ಲಿಯೂ ಸಾಹೇಬರು ಎಂದೇ ಇರಲಿ. ನಾನು ಬೋರ್ಡ್ ಬರೆಯುವವನು. ಬರೆಯುತ್ತಿದ್ದವನು ಅನ್ನಬೇಕೇನೋ, ಫ್ಲೆಕ್ಸ್ ಬಂದ ಮೇಲೆ ನನ್ನ ಬ್ರಷ್‌ಗೆ ಗಣೇಶನ ಹಬ್ಬದ ಟ್ರ್ಯಾಕ್ಟರ್ ಬಿಟ್ಟರೆ ಬೇರೆ ಗಿರಾಕಿ ಇಲ್ಲ. ಜೀವಮಾನವಿಡೀ ಎರಡು ಮೂರು ಪದ ಬರೆದು ಬಣ್ಣದ ಡಬ್ಬಿ ಮುಚ್ಚಿದವನಿಗೆ ಒಬ್ಬ ಮನುಷ್ಯನ ಬಗ್ಗೆ ಇಷ್ಟುದ್ದ ಬರೆಯುವುದು ಕಷ್ಟ. ಆದರೆ ಬರೆಯದೆ ಬಿಟ್ಟರೆ ಇನ್ನೂ ಕಷ್ಟ ಎಂದು ಗೊತ್ತಾಗಿದೆ.

ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವರ ಅಂಗಡಿ. ಎದುರು ಸಾಲಿನಲ್ಲಿ ನನ್ನ ಶೆಡ್ಡು. ಅವರ ಪಕ್ಕದಲ್ಲೇ ಟೀ ಅಂಗಡಿ. ಸಾಹೇಬರು ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ತೆಳ್ಳಗಿನ ಆಳು, ಜೇಬಿನಲ್ಲಿ ಯಾವಾಗಲೂ ಒಂದು ಟೆಸ್ಟರ್, ಕಿವಿಯ ಮೇಲೆ ಪೆನ್ಸಿಲ್. ಟೀ ಅವರಿಗೆ ಗ್ಲಾಸಿನ ಕಂಠದವರೆಗೆ ಬೇಕು. ಒಂದು ಬೆರಳು ಕಡಿಮೆಯಾದರೂ, "ಏನ್ಲಾ, ತೆಂಗಿನ ಮರಕ್ಕೆ ನೀರು ಬುಟ್ಟಂಗೆ ಬುಟ್ಟಿದೀಯ, ಬುಡ ನೆನೀಲಿಲ್ಲ" ಎಂದು ವಾಪಸ್ಸು ಕಳಿಸುತ್ತಿದ್ದರು. ತುಂಬಿದ ಗ್ಲಾಸನ್ನು ಒಂದು ಹನಿ ಚೆಲ್ಲದೆ ರಸ್ತೆ ದಾಟಿಸಿ ತರುವುದು ಅವರಿಗೊಂದು ಜಂಬ. "ಈ ಊರಲ್ಲಿ ನೆಟ್ಟಗಿರೋ ಕೈ ಎರಡೇ ಕಣಪ್ಪಾ ಆರ್ಟಿಸ್ಟು. ಒಂದು ನಿಂದು, ಒಂದು ನಂದು" ಎನ್ನುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದದ್ದೇ ಆರ್ಟಿಸ್ಟು ಎಂದು, ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ.

ಎಲ್ಲ ರಿಪೇರಿಯವರ ಮೇಜಿನ ಮೇಲೂ ಒಂದು ಡಬ್ಬಿ ಇರುತ್ತದೆ, ಅದರ ತುಂಬ ಉಳಿದ ಸ್ಕ್ರೂಗಳು. ಬಿಚ್ಚುವಾಗ ಎಂಟು ಇದ್ದದ್ದು ಮುಚ್ಚುವಾಗ ಆರಕ್ಕೇ ನಿಲ್ಲುತ್ತದೆ, ಮಿಕ್ಕ ಎರಡು ಡಬ್ಬಿಗೆ. ಸಾಹೇಬರ ಮೇಜಿನ ಮೇಲೆ ಆ ಡಬ್ಬಿಯೇ ಇರಲಿಲ್ಲ. "ಸ್ಕ್ರೂ ಉಳೀತು ಅಂದ್ರೆ ಕೆಲಸ ಉಳೀತು ಅಂತ್ಲೇ ಅರ್ಥ" ಎನ್ನುತ್ತಿದ್ದರು. ಒಂದು ಸಲ ತುರುವೇಕೆರೆಯ ಮೇಷ್ಟರೊಬ್ಬರ ರೇಡಿಯೋ ರಿಪೇರಿ ಮಾಡಿ ಕೊಟ್ಟು ಕಳಿಸಿದ ಮೇಲೆ, ಮೇಜಿನ ಬಟ್ಟೆಯ ಮಡಿಕೆಯಲ್ಲಿ ಒಂದು ಸ್ಕ್ರೂ ಸಿಕ್ಕಿತು. ಅಕ್ಕಿಕಾಳಿನಷ್ಟು. ಆ ರೇಡಿಯೋ ಅದಿಲ್ಲದೆ ಇನ್ನಿಪ್ಪತ್ತು ವರ್ಷ ಹಾಡುತ್ತಿತ್ತು. ಸಾಹೇಬರು ಅದನ್ನು ಪೇಪರ್ ಚೂರಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಬಾಗಿಲಲ್ಲಿ ನಿಂತ ಅವರನ್ನು ಕಂಡು ಮೇಷ್ಟರು ಯಾರೋ ಹೋಗಿಬಿಟ್ಟ ಸುದ್ದಿ ತಂದಿದ್ದಾರೆ ಎಂದು ಹೆದರಿದರಂತೆ.

ತೊಂಬತ್ತರ ದಶಕದಲ್ಲಿ ಅವರು ಅಂಗಡಿಯ ಒಂದು ಮೂಲೆಯಲ್ಲಿ ವಿಡಿಯೋ ಗೇಮ್ ಇಟ್ಟರು. ಕ್ಯಾಸೆಟ್ ತೂರಿಸಿ, ಟೀವಿಗೆ ವೈರು ಸಿಕ್ಕಿಸಿ, ಗುಂಡಿ ಒತ್ತಿ ಆಡುವಂಥದ್ದು. ಹುಡುಗರು ಮುಗಿಬಿದ್ದರು. ಸಾಹೇಬರಿಗೆ ಮಾತ್ರ ಅದರ ಮೇಲೆ ಪ್ರೀತಿ ಹುಟ್ಟಲಿಲ್ಲ. ಅದನ್ನವರು ಹೆಬ್ಬೆಟ್ಟಿನಾಟ ಎಂದು ಕರೆಯುತ್ತಿದ್ದರು. "ಹೆಬ್ಬೆಟ್ಟೊಂದು ಎದ್ದಿರ್ತದೆ, ಮಿಕ್ಕ ಮೈಯೆಲ್ಲ ಮಲಗಿರ್ತದೆ. ಅದೆಂಥಾ ಆಟಾನಪ್ಪ?" ಅವರು ಇನ್ನೊಂದನ್ನೂ ಗಮನಿಸಿದ್ದರು. ಮಗನನ್ನು ಹುಡುಕಿಕೊಂಡು ಬಂದ ಅಪ್ಪ ಅಮ್ಮಂದಿರು ಬಾಗಿಲ ಹೊರಗೇ ನಿಲ್ಲುತ್ತಿದ್ದರು. ಒಳಗೆ ಬನ್ನಿ, ನೀವೂ ಒಂದು ಕೈ ನೋಡಿ ಎಂದರೆ ಆ ಗುಂಡಿಗಳನ್ನು ನೋಡಿಯೇ ಹಿಂದೆ ಸರಿಯುತ್ತಿದ್ದರು. ಯಾವುದು ಒತ್ತಿದರೆ ಏನಾಗುತ್ತದೋ ಎಂಬ ಭಯ. "ಗುಂಡಿ ಅನ್ನೋದು ಬಾಗಿಲಿಗೆ ಹಾಕಿದ ಬೀಗ ಇದ್ದಂಗೆ. ಹುಡುಗ್ರತ್ರ ಕೀ ಐತೆ, ದೊಡ್ಡೋರತ್ರ ಇಲ್ಲ" ಎಂದು ಒಂದು ದಿನ ಟೀ ಕುಡಿಯುತ್ತ ಹೇಳಿದ್ದರು. ನಾನದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಎರಡು ಸಾವಿರದ ಆರು ಏಳರ ಹೊತ್ತಿಗೆ ಗುಂಡಿಯ ಬದಲು ಕೈ ಬೀಸಿ ಆಡುವ ಆಟ ಬಂತು. ಹೊರದೇಶದ ದೊಡ್ಡ ಕಂಪನಿಗಳ ಯಂತ್ರ ನಮ್ಮಂಥವರಿಗೆ ಎಟುಕುವಂಥದಲ್ಲ. ಆದರೆ ಅದರ ಹಿಂದೆಯೇ ಚೀನಾದಿಂದ ಅದೇ ಥರದ ಅಗ್ಗದ ಯಂತ್ರ ಬೆಂಗಳೂರಿಗೆ ಇಳಿಯಿತು. ಬಿಳಿಯ, ಗೇಣುದ್ದದ ಒಂದು ಕೋಲು. ಅದನ್ನು ಹಿಡಿದು ಕೈ ಬೀಸಿದರೆ ಟೀವಿಯೊಳಗಿನ ಗೊಂಬೆ ಬ್ಯಾಟ್ ಬೀಸುತ್ತದೆ. ಅದನ್ನು ತರಿಸುತ್ತಿದ್ದ ವ್ಯಾಪಾರಿ ಸಣ್ಣ ಊರುಗಳ ಅಂಗಡಿಯವರನ್ನೆಲ್ಲ ಒಂದು ಹೋಟೆಲಿಗೆ ಕರೆದು ಊಟ ಹಾಕಿಸಿದ. ಬಣ್ಣ ತರಲು ಹೊರಟಿದ್ದ ನಾನೂ ಸಾಹೇಬರ ಜೊತೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ.

ಟೈ ಕಟ್ಟಿದ ಮಾರ್ಕೆಟಿಂಗ್ ಮ್ಯಾನೇಜರ್ ಒಬ್ಬ ಪರದೆಯ ಮೇಲೆ ಚಿತ್ರ ಬಿಟ್ಟು ಮಾತಾಡಿದ. ನಮ್ಮ ಟಾರ್ಗೆಟ್ ಹತ್ತರಿಂದ ಹದಿನಾರು ವರ್ಷದ ಹುಡುಗರು; ಶಾಲೆಗಳ ಮುಂದೆ ಪಾಂಪ್ಲೆಟ್ ಹಂಚಿ; ಗ್ರಾಫಿಕ್ಸ್ ಬಗ್ಗೆ ಹೇಳಿ; ಒಳಗೆ ಎಷ್ಟು ಆಟ ಇವೆ ಎನ್ನುವುದನ್ನು ದೊಡ್ಡದಾಗಿ ಬರೆಸಿ. ಪಾಂಪ್ಲೆಟ್ಟಿನ ಮೇಲೆ ಹೊಂಬಣ್ಣದ ಕೂದಲಿನ ಹುಡುಗನೊಬ್ಬ ಹಲ್ಲು ಕಿರಿದಿದ್ದ. ಯಾರಿಗಾದರೂ ಪ್ರಶ್ನೆ ಇದೆಯೇ ಎಂದಾಗ ಸಾಹೇಬರು ಎದ್ದು ನಿಂತರು. ಇವರಿಗೇಕೆ ಬೇಕಿತ್ತು ಎಂದುಕೊಂಡೆ ನಾನು.

"ಸಾರ್, ಮನೇಲಿ ಬೇಕು ಅನ್ನೋನು ಹುಡುಗ. ಸರಿ. ಬ್ಯಾಡ ಅನ್ನೋರು ಯಾರು?"

"ತಂದೆ ತಾಯಿ" ಎಂದ ಮ್ಯಾನೇಜರ್.

"ಅವರ ಮ್ಯಾಲೂ ಒಬ್ರು ಇರ್ತಾರೆ ಸಾರ್ ನಮ್ ಕಡೆ, ಅಜ್ಜಿ. ಬೇಕು ಅನ್ನೋನಿಗೆ ಮಾರೋದು ಏನೈತೆ? ಅವನು ಆಗ್ಲೇ ಬೇಕು ಅಂದವ್ನೆ. ಬ್ಯಾಡ ಅನ್ನೋರ ಕೈಗೆ ಕೊಡ್ಬೇಕು ಇದ್ನ. ಗುಂಡಿ ಇಲ್ವಲ್ಲ, ಅವ್ರೂ ಹಿಡೀತಾರೆ."

ನಾಲ್ಕು ಜನ ನಕ್ಕರು. ಮ್ಯಾನೇಜರ್ ನಗಲಿಲ್ಲ, ಆದರೆ ಬರೆದುಕೊಳ್ಳಲೂ ಇಲ್ಲ.

ಊರಿಗೆ ಬಂದವರೇ ಸಾಹೇಬರು ಪಾಂಪ್ಲೆಟ್ಟಿನ ಕಟ್ಟನ್ನು ಟೀ ಅಂಗಡಿಗೆ ಬೋಂಡ ಕಟ್ಟಲು ಕೊಟ್ಟುಬಿಟ್ಟರು. ನನ್ನನ್ನು ಕರೆದು, "ಒಂದು ಅಜ್ಜಿ ಬರಿ. ಸೆರಗು ಸೊಂಟಕ್ಕೆ ಸಿಗಿಸಿರ್ಬೇಕು, ಕೈಲಿ ಬ್ಯಾಟ್ ಇರ್ಬೇಕು. ನಗ್ತಿರ್ಬಾರದು, ಆಟದ ಮ್ಯಾಲೇ ಕಣ್ಣಿರ್ಬೇಕು" ಎಂದರು. ಯಾವ ಅಜ್ಜಿಯ ಮುಖ ಎಂದು ಕೇಳಿದೆ. "ನಿಮ್ಮಜ್ಜೀದೇ ಬರಿ" ಎಂದರು. ಬರೆದೆ. ಕೆಳಗೆ ದಪ್ಪ ಅಕ್ಷರದಲ್ಲಿ "ಗುಂಡಿ ಒತ್ತಬೇಡಿ, ಕೈ ಬೀಸಿ". ನಾನು ಬರೆದ ಬೋರ್ಡುಗಳಲ್ಲೆಲ್ಲ ಜನ ನಿಂತು ನೋಡಿದ್ದು ಅದೊಂದನ್ನೇ.

ಕೊಬ್ಬರಿ ಹರಾಜಿನ ದಿನ ನೋಡಿಕೊಂಡು ಟೀವಿಯನ್ನು ರಸ್ತೆ ಕಡೆ ಮುಖ ಮಾಡಿಟ್ಟರು. ಸುತ್ತಲ ಹಳ್ಳಿಗಳವರು ಆವತ್ತು ಮನೆಮಂದಿ ಸಮೇತ ಊರಿಗೆ ಬರುತ್ತಾರೆ. ಮೊದಲು ಸಿಕ್ಕವಳು ಅರಳಗುಪ್ಪೆಯ ಒಬ್ಬ ಅಜ್ಜಿ. ಮಗ ಮಾರುಕಟ್ಟೆಯಿಂದ ಬರುವವರೆಗೆ ನೆರಳಿಗೆ ನಿಂತಿದ್ದವಳು. ಸಾಹೇಬರು ಬಿಳಿ ಕೋಲನ್ನು ಅವಳ ಕೈಗಿಟ್ಟು, "ಹಿಡ್ಕಳಿ ತಾಯಿ" ಎಂದರು. ಆಕೆ ಅದನ್ನು ಹಿಂದೆ ಮುಂದೆ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿದಳು.

"ಇನ್ನಾ ಆಗಿಲ್ಲ ಕಣಪ್ಪ, ಬುಟ್ಟಿಲ್ಲ ಒಳಗೆ" ಎಂದಳು.

ಟೀವಿಯೊಳಗಿನ ಗೊಂಬೆ ಹುಚ್ಚು ಹಿಡಿದವನಂತೆ ಬ್ಯಾಟ್ ಬೀಸುತ್ತಿತ್ತು. ನೆರೆದವರು ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಅಜ್ಜಿಯ ಮುಖ ಸಪ್ಪಗಾಯಿತು. ಸಾಹೇಬರು ಮಾತ್ರ ನಗಲಿಲ್ಲ. "ನಗ್ಬ್ಯಾಡ್ರಿ, ಸರಿಯಾಗೇ ಮಾಡವ್ರೆ. ತಾಯಿ, ಅಲ್ನೋಡಿ, ನೀವು ಅಲ್ಲಾಡ್ಸಿದ್ದು ಅವನಿಗೆ ಕೇಳ್ಸೈತೆ" ಎಂದು ಟೀವಿ ತೋರಿಸಿದರು. ಆಕೆ ಇನ್ನೊಂದು ಸಲ ಅಲ್ಲಾಡಿಸಿದಳು. ಗೊಂಬೆ ಕುಣಿಯಿತು. ನಿಲ್ಲಿಸಿದಳು, ನಿಂತಿತು. ಆಮೇಲೆ ಅವಳ ಮಗ ಬಂದು ಕರೆದರೂ, "ಇರ್ಲಾ, ಇನ್ನೆಲ್ಡು ಬಾಲು" ಎನ್ನುವ ಮಟ್ಟಕ್ಕೆ ಬಂದಿದ್ದಳು.

ಆ ದಿನದಿಂದ ಸಾಹೇಬರ ಡೆಮೋ ಶುರುವಾಗುತ್ತಿದ್ದದ್ದೇ ಹಾಗೆ. "ಮೊದ್ಲು ಕಿವಿ ಹತ್ರ ಹಿಡ್ಕಂಡು ಅಲ್ಲಾಡ್ಸಿ ನೋಡಿ" ಎನ್ನುತ್ತಿದ್ದರು. ಹೆಂಗೂ ಅಲ್ಲಾಡಿಸುವವರೇ, ನಾವೇ ಹೇಳಿಬಿಟ್ಟರೆ ಅವರಿಗೆ ಅವಮಾನವಿಲ್ಲ ಎನ್ನುವುದು ಅವರ ಲೆಕ್ಕ. ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿಗೆ, ಚಿಕ್ಕನಾಯಕನಹಳ್ಳಿಯ ಸಂತೆಗೆ, ನನ್ನ ಮೊಪೆಡ್ಡಿನ ಹಿಂದೆ ಟೀವಿ ಕಟ್ಟಿಕೊಂಡು ಹೋಗಿ ತೋರಿಸಿ ಬಂದೆವು. ಕಾಯಿ ಸುಲಿಯುವವರ ಕೈಗೆ ಕೊಟ್ಟಾಗಲಂತೂ ನೋಡಬೇಕಿತ್ತು. ದಿನಕ್ಕೆ ಸಾವಿರ ಕಾಯಿ ಸುಲಿದ ತೋಳು ಒಂದು ಸಲ ಬೀಸಿದರೆ ಟೀವಿಯ ಗೊಂಬೆಗೆ ಎದುರಾಳಿಯೇ ಇರಲಿಲ್ಲ. ಹೊಡೆದು ಹೊಡೆದು ಕೋಲನ್ನು ವಾಪಸ್ಸು ಕೊಡುವಾಗ ಆ ಗಂಡಸರ ಮುಖದಲ್ಲಿದ್ದ ಹಿಗ್ಗನ್ನು ನಾನು ಮರೆತಿಲ್ಲ. ಬೇರೆ ಯಾವ ಯಂತ್ರವೂ ಅವರ ಕೈಗೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ಇಷ್ಟು ಸಣ್ಣ ಊರಿನಿಂದ ಇಷ್ಟೊಂದು ಆರ್ಡರ್ ಹೇಗೆ ಎಂದು ನೋಡಲು ಮ್ಯಾನೇಜರೇ ಬಂದ. ಈ ಸಲ ಟೈ ಇರಲಿಲ್ಲ. ಅರ್ಧ ದಿನ ಟೀ ಅಂಗಡಿಯ ಬೆಂಚಿನಲ್ಲಿ ಕೂತು ನೋಡಿ, "ಸಾಹೇಬ್ರೆ, ನಿಮ್ಮ ಸ್ಟ್ರಾಟಜಿ ಏನು?" ಎಂದ. "ಎಂಥ ಸ್ಟ್ರಾಟಜಿ ಸಾರ್. ಈ ಕಡೆಯೋರು ಕಣ್ಣು ನಂಬಲ್ಲ, ಕೈ ನಂಬ್ತಾರೆ" ಎಂದರು ಸಾಹೇಬರು. ಮ್ಯಾನೇಜರ್ ಈ ಸಲ ಬರೆದುಕೊಂಡ. ಹೊರಡುವಾಗ, ತಿಂಗಳೊಪ್ಪತ್ತಿನಲ್ಲಿ ಹೊಸ ಮಾಡೆಲ್ ಬರುತ್ತದೆ, ತುಮಕೂರಿನಲ್ಲಿ ಜಿಲ್ಲೆಯ ಅಂಗಡಿಯವರನ್ನೆಲ್ಲ ಸೇರಿಸುತ್ತೇವೆ, ಡೆಮೋ ನೀವೇ ಮಾಡಬೇಕು. ಅದು ಚೆನ್ನಾಗಿ ಆದರೆ ಎಲ್ಲ ಜಿಲ್ಲೆಗೂ ಹೇಳಿಕೊಡಲು ನಿಮ್ಮನ್ನೇ ಕಳಿಸುತ್ತೇವೆ ಎಂದ. ಮೂವತ್ತು ವರ್ಷ ಬಗ್ಗಿ ಕೂತು ಬೆಸುಗೆ ಹಾಕಿದ ಮನುಷ್ಯ. ಆ ದಿನ ಅವರು ನನ್ನ ಶೆಡ್ಡಿಗೆ ತಂದ ಟೀ ಗ್ಲಾಸು ಎಂದಿಗಿಂತ ತುಂಬಿತ್ತು.

ಹೊಸ ಮಾಡೆಲ್ ಬಂತು. ಹಳೆಯದಕ್ಕೆ ಕೈ ಬೀಸಿದ್ದು ಮಾತ್ರ ತಿಳಿಯುತ್ತಿತ್ತು. ಇದಕ್ಕೆ ಹಾಗಲ್ಲ, ಮಣಿಕಟ್ಟು ಎಷ್ಟು ವಾಲಿತು, ಬೆರಳು ಎಷ್ಟು ತಿರುಗಿತು, ಎಲ್ಲ ತಿಳಿಯುತ್ತಿತ್ತು. ಕೋಲನ್ನು ಒಂದು ಕೂದಲಷ್ಟು ಓರೆ ಮಾಡಿದರೆ ಟೀವಿಯ ಬ್ಯಾಟೂ ಅಷ್ಟೇ ಓರೆ. ಸಾಹೇಬರು ಅದನ್ನು ನೋಡಿ ತಾವೇ ಒಂದು ಸಾಲು ಕಟ್ಟಿದರು: "ಕೈ ಹೇಗೋ ಆಟ ಹಾಗೆ". ಅಜ್ಜಿಯ ಚಿತ್ರದ ಕೆಳಗೆ ಕೆಂಪು ಬಣ್ಣದಲ್ಲಿ, ಬಿಳಿ ಅಂಚು ಕೊಟ್ಟು ಬರೆದೆ.

ತುಮಕೂರಿಗೆ ಹೋಗಲು ಹತ್ತು ದಿನವಿತ್ತು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಸಾಹೇಬರು ನನ್ನನ್ನು ಕೈಸನ್ನೆ ಮಾಡಿ ಕರೆದರು. ಟೀವಿಯಲ್ಲಿ ಟೇಬಲ್ ಟೆನಿಸ್ ಆಟ. ಎದುರಿನ ಗೊಂಬೆ ಚೆಂಡು ಹಾಕುವವರೆಗೆ ನಮ್ಮ ಬ್ಯಾಟು ಪರದೆಯ ಮೇಲೆ ಸುಮ್ಮನೆ ಕಾಯುತ್ತಿರಬೇಕು. ಅದು ಸುಮ್ಮನಿರಲಿಲ್ಲ. ಸಣ್ಣಗೆ ನಡುಗುತ್ತಿತ್ತು. ಚೆಂಡು ಬಂತು, ಸಾಹೇಬರು ಹೊಡೆದರು, ಹೊಡೆತ ನೇರವಾಗಿ ಹೋಯಿತು. ಮತ್ತೆ ಕಾಯುವಾಗ ಮತ್ತೆ ನಡುಕ.

"ಆಡೋವಾಗ ಸರಿಯಾಗೈತೆ, ಕಾಯೋವಾಗ ನಡುಗ್ತೈತೆ. ಇಂಥಾ ಫಾಲ್ಟು ನನ್ ಸರ್ವೀಸಲ್ಲೇ ನೋಡಿಲ್ಲ ಕಣಪ್ಪ" ಎಂದರು. ಸೆಲ್ ಬದಲಾಯಿಸಿದ್ದರು. ಟ್ಯೂಬ್‌ಲೈಟ್ ಆರಿಸಿ ನೋಡಿದ್ದರು. ಫ್ಯಾನ್ ನಿಲ್ಲಿಸಿದ್ದರು. ಎರಡನೇ ಪೀಸು ತೆಗೆದು ನೋಡಿದ್ದರು, ಅದೂ ಹಾಗೇ. "ಇಡೀ ಲಾಟೇ ಕೆಟ್ಟಿರ್ಬೇಕು."

ನಾನು ಟೀವಿ ನೋಡುತ್ತಿರಲಿಲ್ಲ. ಕೋಲು ಹಿಡಿದಿದ್ದ ಅವರ ಕೈ ನೋಡುತ್ತಿದ್ದೆ. ಹೆಬ್ಬೆರಳು ತೋರುಬೆರಳಿನ ಮೇಲೆ, ಬೀಡಿ ಹೊಸೆಯುವವರ ಬೆರಳಿನ ಹಾಗೆ, ತನ್ನಷ್ಟಕ್ಕೆ ಆಡುತ್ತಿತ್ತು. ನಮ್ಮ ದೊಡ್ಡಪ್ಪನ ಬೆರಳು ಹೀಗೇ ಶುರುವಾಗಿತ್ತು. ಅವರು ಕೊನೆಗೆ ಮುದ್ದೆ ಮುರಿಯಲಾರದೆ, ಬೇರೆಯವರಿಂದ ತಿನ್ನಿಸಿಕೊಂಡು ಹೋದವರು.

"ನೀನ್ ಹಿಡಿ" ಎಂದು ಸಾಹೇಬರು ಕೋಲನ್ನು ನನ್ನ ಕಡೆ ಚಾಚಿದರು. "ನಿನ್ ಕೈಲೇನಾದ್ರೂ ನಿಂತ್ರೆ..." ಸಾಹೇಬರ ಕೈ ಅವರ ಅನ್ನ, ಅವರ ಜಂಬ, ಹತ್ತು ದಿನದಲ್ಲಿ ಜಿಲ್ಲೆಯ ಮುಂದೆ ನಿಲ್ಲಬೇಕಾದ ಕೈ. ಅದು ಹೋಯಿತೋ ಉಳಿಯಿತೋ ಎನ್ನುವುದನ್ನು ಈಗ ನನ್ನ ಕೈ ಹೇಳಬೇಕಿತ್ತು.

ಹಿಡಿದೆ. ಪರದೆಯ ಮೇಲೆ ಬ್ಯಾಟು ಅಲುಗದೆ ನಿಂತಿತು. ಒಂದು ಉಸಿರಿನಷ್ಟು ಹೊತ್ತು ಇರಬಹುದು. ಆಮೇಲೆ ನಾನು ಮಣಿಕಟ್ಟನ್ನು ಸಡಿಲ ಬಿಟ್ಟು ನಡುಗಿಸಿದೆ. ಬೇಕೆಂದೇ ನಡುಗಿಸಿದೆ. ಬ್ಯಾಟೂ ನಡುಗಿತು.

"ಮಿಷನ್ನೇ ಸರಿ ಇಲ್ಲ ಬುಡಿ ಸಾಹೇಬ್ರೆ. ನನ್ ಕೈಲೂ ನಡುಗ್ತಾ ಐತೆ" ಎಂದೆ.

ಅವರು ಟೀವಿಯನ್ನು ನೋಡಿದರು. ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಹಿಂದಿನ ಗೋಡೆಗೆ ನಾನೇ ಬರೆದ ಬೋರ್ಡು ಒರಗಿತ್ತು, ಅದರ ಮೇಲೆ ನನ್ನದೇ ಕೆಂಪು ಅಕ್ಷರ. "ಹೌದಲ್ವಾ" ಎಂದರು ಸಾಹೇಬರು. ನಕ್ಕರು. "ಹಂಗಾದ್ರೆ ಮಿಷನ್ ಫಾಲ್ಟು." ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಬಾಗಿಲು ಎಳೆದುಕೊಂಡು, ಆಮೇಲೆ ಬತ್ತೀನಿ ಎಂದು ಮನೆಗೆ ಹೋದರು.

ತುಮಕೂರಿನ ಡೆಮೋ ಅವರು ಮಾಡಿದ ಡೆಮೋಗಳಲ್ಲೇ ಶ್ರೇಷ್ಠವಾದದ್ದು ಎಂದು ಇವತ್ತಿಗೂ ಅದನ್ನು ಕಂಡವರು ಹೇಳುತ್ತಾರೆ. ವೇದಿಕೆ ಹತ್ತಿದವರು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟು ನಿಂತರು. ಮಾತು ಮುಗಿಯುವ ತನಕ ತೆಗೆಯಲಿಲ್ಲ. ಮೇಜಿನ ಮೇಲಿದ್ದ ಕೋಲನ್ನು ಮುಟ್ಟಲೂ ಇಲ್ಲ. ಊಟದ ತಟ್ಟೆ ಎತ್ತುತ್ತಿದ್ದ ಹೆಂಗಸೊಬ್ಬಳನ್ನು, "ಅಕ್ಕಾ, ನೀವು ಬನ್ನಿ, ಕೈ ಒರೆಸ್ಕಳಿ. ಅದನ್ನ ಎತ್ಕಳಿ. ಕಿವಿ ಹತ್ರ ಹಿಡ್ಕಂಡು ಅಲ್ಲಾಡ್ಸಿ" ಎಂದು ಕರೆದು, ಬರೀ ಮಾತಿನಲ್ಲೇ ಆಡಿಸಿದರು. ಆಕೆ ಐದು ನಿಮಿಷದಲ್ಲಿ ಮ್ಯಾನೇಜರನ್ನೇ ಸೋಲಿಸಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಮೈಕು ಹಿಡಿದು, "ಗಮನಿಸಿದಿರಾ? ಅವರು ಯಂತ್ರವನ್ನು ಮುಟ್ಟಲೇ ಇಲ್ಲ. ಡೆಮೋ ಮಾಡುವವನು ಮುಟ್ಟಬಾರದು, ಗಿರಾಕಿ ಮುಟ್ಟಬೇಕು. ಇದು ಮಾರ್ಕೆಟಿಂಗ್" ಎಂದ. ಮುಂದೆ ಅದೇ ನಿಯಮವಾಗಿ ಎಲ್ಲ ಅಂಗಡಿಗಳಿಗೂ ಕಾಗದ ಬಂತು. ಆ ಕಾಗದವನ್ನು ನಾನು ಜೋರಾಗಿ ಓದಿ ಹೇಳಿದಾಗ ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುವಿನ ನೀರು ಎಂದೇ ನಾನು ಅಂದುಕೊಂಡೆ. ಜಿಲ್ಲೆ ಜಿಲ್ಲೆ ತಿರುಗುವ ಕೆಲಸಕ್ಕೆ ಮಾತ್ರ, "ವಯಸ್ಸಾಯ್ತು ಸಾರ್, ಬಸ್ಸು ಆಗಲ್ಲ" ಎಂದುಬಿಟ್ಟರು.

ಊರಿಗೆ ಬಂದ ವಾರಕ್ಕೆ ಬೋರ್ಡಿನ ಕೆಂಪು ಸಾಲನ್ನು ಅಳಿಸಲು ಹೇಳಿದರು. ಯಾಕೆ ಎಂದೆ. "ಓದೋರೆಲ್ಲ ಓದಾಯ್ತು, ಬುಡು" ಎಂದರು. ಒಂದು ಕೋಟು ಬಿಳಿ ಬಣ್ಣ ಹೊಡೆದೆ.

ಆಮೇಲಿನದು ನಿಧಾನಕ್ಕೆ ಆದದ್ದು. ಬೆಸುಗೆ ಕೆಲಸ ಬಿಟ್ಟರು. ಈಗಿನ ಟೀವಿ ರಿಪೇರಿ ಮಾಡುವಂಥದಲ್ಲ, ಬಿಸಾಕುವಂಥದು ಎನ್ನುವುದು ಅವರ ಕಾರಣ. ಕಂಠದವರೆಗೆ ಟೀ ಬೇಕೆನ್ನುತ್ತಿದ್ದವರು ಅರ್ಧ ಗ್ಲಾಸಿಗೆ ಇಳಿದರು. "ಬೈಟೂ ಮಾಡ್ಲಾ, ಸಾಕು." ಅದನ್ನೂ ಟೀ ಅಂಗಡಿಯಲ್ಲೇ, ಗೋಡೆ ಕಡೆ ತಿರುಗಿ ಕೂತು ಕುಡಿಯುತ್ತಿದ್ದರು. ರಸ್ತೆ ದಾಟಿಸಿ ತರುವುದು ನಿಂತಿತು. ಕೈ ಬೀಸುವ ಆಟದ ಹುಚ್ಚೂ ಇಳಿಯಿತು, ಜನರ ಕೈಗೆ ಮೊಬೈಲ್ ಬಂತು, ಮತ್ತೆ ಹೆಬ್ಬೆಟ್ಟೇ ಗೆದ್ದಿತು. ಸಾಹೇಬರು ಅಂಗಡಿ ಬಾಗಿಲು ಹಾಕಿದರು.

ಇದನ್ನೆಲ್ಲ ನಾನು ಕಾಣುತ್ತಿದ್ದೆ. ಕಂಡೂ ಬಾಯಿ ಬಿಡಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಸಾಹೇಬರೇ ಎನ್ನುವ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂತು. ಹೇಳಿದರೆ ಆ ಮಧ್ಯಾಹ್ನದ ಸುಳ್ಳು ಹೊರಬೀಳುತ್ತದೆ. ನನ್ನ ಮಾತು ನಂಬಿ, ಮಿಷನ್ನೇ ಕೆಟ್ಟಿದೆ ಎಂದುಕೊಂಡು, ಔಷಧಿಯಿಲ್ಲದೆ ಕೂತಿದ್ದಾರೆ ಈ ಮನುಷ್ಯ ಎಂದು ನಾನು ಒಳಗೇ ಬೇಯುತ್ತಿದ್ದೆ. ನನ್ನ ಹೆಂಡತಿಗೂ ಹೇಳಲಿಲ್ಲ. ಯಾರಾದರೂ ಕೈ ಬಗ್ಗೆ ಕೇಳಿದರೆ, ಸಾಹೇಬರು ನನ್ನ ಕಡೆ ಒಮ್ಮೆ ನೋಡಿ, "ಆ ಚೀನಾ ಮಿಷನ್ ಹಿಡಿದೂ ಹಿಡಿದೂ ಹಿಂಗಾಯ್ತು" ಎಂದು ನಗಿಸಿಬಿಡುತ್ತಿದ್ದರು.

ಹೀಗೇ ವರ್ಷಗಳು ಕಳೆದ ಮೇಲೆ ಸಾಹೇಬರು ಬಚ್ಚಲಿನಲ್ಲಿ ಜಾರಿ ಬಿದ್ದರು, ಸೊಂಟ ಮುರಿಯಿತು. ಹಾಸಿಗೆ ಹಿಡಿದವರು ಏಳಲಿಲ್ಲ. ಕೊನೆಗೊಮ್ಮೆ ನೋಡಲು ಹೋದಾಗ ಮಾತು ನಿಂತಿತ್ತು. ನನ್ನ ಕೈ ಹಿಡಿದುಕೊಂಡರು. ಅವರ ನಡುಕ ನನ್ನ ಕೈಯೊಳಕ್ಕೂ ಬಂತು, ಇಬ್ಬರದೂ ಒಟ್ಟಿಗೆ ನಡುಗಿತು. ಹೇಳಿಬಿಡಲು ಅದೇ ಕಡೆಯ ಹೊತ್ತಾಗಿತ್ತು. ಹೇಳಲಿಲ್ಲ. ಮೂರನೇ ದಿನ ಅವರ ಜನಾಜಾಕ್ಕೆ ಹೆಗಲು ಕೊಟ್ಟೆ.

ನಲವತ್ತನೇ ದಿನದ ಊಟಕ್ಕೆ ಕರೆದಿದ್ದರು. ಸಾಹೇಬರ ಹೆಂಡತಿಯನ್ನು ನಾನು ಆಪಾ ಎನ್ನುತ್ತೇನೆ. ಊಟವಾದ ಮೇಲೆ ಆಪಾ ಒಂದು ಕರವಸ್ತ್ರದ ಗಂಟು ತಂದು ಕೈಗಿಟ್ಟು, "ಇದು ಆರ್ಟಿಸ್ಟ್‌ಗೆ ಕೊಡು ಅಂತ ಮಾತು ನಿಲ್ಲೋಕೆ ಮುಂಚೆ ಹೇಳಿದ್ರಪ್ಪ" ಎಂದರು. ಬಿಚ್ಚಿದೆ. ಬಿಳಿ ಕೋಲು.

ಚಾಳಿ ಎಲ್ಲಿ ಹೋಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಏನೋ ಲೊಡಲೊಡ ಅಂದಿತು.

"ಸ್ಕ್ರೂ ಅದು" ಎಂದರು ಆಪಾ. "ತುಮಕೂರಿಗೆ ಹೋಗೋ ಮುಂಚೆ, ಅವತ್ತು ಮಧ್ಯಾಹ್ನ ಅಂಗಡಿಯಿಂದ ಬಂದೋರೇ ಅದನ್ನ ಬಿಚ್ಚಿ ಕೂತ್ರು. ಎಲ್ಲ ನೋಡಿದ್ರು, ಏನೂ ಕೆಟ್ಟಿರ್ಲಿಲ್ಲ. ಮುಚ್ಚೋವಾಗ ಮೂರು ಸ್ಕ್ರೂ ಕೂತ್ಕಂಡ್ವು. ನಾಕನೇದು ಬೆರಳಿಂದ ಜಾರಿ ಒಳಗೇ ಬಿತ್ತು. ತೆಗೀತಾರೆ, ಇಡ್ತಾರೆ, ಮತ್ತೆ ಬೀಳ್ತದೆ. ಸಂಜೆ ಅಸರ್ ನಮಾಜಿನ ತನಕ ಅದೇ ಆಯ್ತು. ಕೊಡಿ ಇಲ್ಲಿ, ನಾನ್ ಹಾಕ್ತೀನಿ ಅಂದೆ. ಬ್ಯಾಡ ಬುಡು, ಮಿಷನ್‌ದು ಏನೂ ತಪ್ಪಿಲ್ಲ ಅಂದ್ರು."

ನಾನು ಕೋಲನ್ನು ಕರವಸ್ತ್ರದ ಮೇಲಿಟ್ಟೆ.

"ಮಾರನೇ ವಾರಾನೇ ಬೆಂಗಳೂರಿಗೆ ಹೋಗಿ ಡಾಕ್ಟರಿಗೆ ತೋರಿಸ್ಕಂಡು ಬಂದ್ವಿ, ನಾವಿಬ್ರೇ. ಅವತ್ತಿಂದ ಕೊನೇವರ್ಗೂ ಮಾತ್ರೆ ತಗಂಡ್ರು. ಆರ್ಟಿಸ್ಟ್‌ಗಾದ್ರೂ ಹೇಳಿ, ಮನಸ್ಸು ಹಗುರಾಗ್ತದೆ ಅಂತ ನಾನು ಎಷ್ಟು ಸಲ ಹೇಳ್ದೆ. 'ಹೆಂಗೆ ಹೇಳ್ಲಿ? ಆ ನೆಟ್ಟಗಿರೋ ಕೈನ ನನಗೋಸ್ಕರ ನಡುಗಿಸ್ದ ಕಣೇ ಅವನು. ಮಿಷನ್ ಫಾಲ್ಟು ಅಂದವ್ನೆ, ಹಂಗೇ ಇರ್ಲಿ' ಅಂದ್ರು."

ಇಷ್ಟು ವರ್ಷ ನಾನು ಹೆದರಿದ್ದು ಒಂದಕ್ಕೆ, ಮಾಡಿದ್ದು ಇನ್ನೊಂದು. ಅವರಿಗೆ ಔಷಧಿ ತಪ್ಪಿಸಿದೆ ಎಂದು ಹೆದರಿದ್ದೆ. ಔಷಧಿ ತಪ್ಪಿರಲಿಲ್ಲ. ತಪ್ಪಿದ್ದು ಕಷ್ಟ ಹೇಳಿಕೊಳ್ಳಲು ಎದುರು ಸಾಲಿನಲ್ಲೇ ಇದ್ದ ಒಬ್ಬ ಗೆಳೆಯ. ಅವರು ನನ್ನ ಸುಳ್ಳಿನ ಮಾನ ಕಾಯಲು ಗೋಡೆ ಕಡೆ ತಿರುಗಿ ಅರ್ಧ ಟೀ ಕುಡಿದರು, ನಾನು ಅವರ ಬೆನ್ನು ನೋಡುತ್ತ ಕ್ಷಮೆ ಕೇಳುವ ಧೈರ್ಯವಿಲ್ಲದೆ ಕೂತಿದ್ದೆ. ನನಗೆ ಅಳು ಬಂತು. ಆಪಾ ಮುಂದೆಯೇ ಅತ್ತೆ.

ಕೋಲು ಈಗ ನನ್ನ ಶೆಡ್ಡಿನಲ್ಲಿದೆ. ಪಕ್ಕದಲ್ಲೇ ಸಣ್ಣ ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದೇನೆ. ಮೂರು ಸ್ಕ್ರೂ ಬಿಚ್ಚಿ, ಒಳಗಿನದನ್ನು ತೆಗೆದು, ನಾಲ್ಕನ್ನೂ ಅದರದರ ಜಾಗದಲ್ಲಿ ಕೂರಿಸಬೇಕು. ಎರಡು ನಿಮಿಷದ ಕೆಲಸ. ನನ್ನ ಕೈ ಇನ್ನೂ ನೆಟ್ಟಗಿದೆ. ಮೂರು ಸಲ ಕೂತೆ, ಮೂರು ಸಲವೂ ಬಿಚ್ಚದೆ ಎದ್ದೆ.